ಸಣ್ಣ ಉದ್ದಿಮೆಯ ಯಜಮಾನಿಕೆ

ಬೆಂಗಳೂರಿನ ಪಶ್ಚಿಮಕ್ಕೆ ಮಾಗಡಿ ರಸ್ತೆಗೂ ನಾಗರಬಾವಿಗೂ ನಡುವೆ ಇರುವ ಮೂಡಲಪಾಳ್ಯ ಹಿಂದೆ ಒಂದು ಹಳ್ಳಿ. ರಾಜಾಜಿನಗರ, ವಿಜಯನಗರಗಳು ಬೆಳೆದಂತೆಲ್ಲ ನಗರವು ಈ ಹಳ್ಳಿಯನ್ನೂ ಸುತ್ತಲಿನ ಇತರ ಪಾಳ್ಯಗಳನ್ನೂ ತನ್ನೊಳಗೆ ಸೇರಿಸಿಕೊಂಡಿತು. ಈಗ ಅಲ್ಲಿ ಹೊಲಗಳಿಲ್ಲ. ಆದರೆ ಮೂಡಲಪಾಳ್ಯದ ವೃತ್ತದಿಂದ ಯಾವ ದಿಕ್ಕಿಗೆ ನಡೆದರೂ ಸಣ್ಣ ಸಣ್ಣ ಉದ್ದಿಮೆಗಳು ಕಣ್ಣಿಗೆ ಬೀಳುತ್ತವೆ. ರಾಗಿ, ಗೋಧಿ ಬೀಸುವ ಗಿರಣಿ, ಬೇಕರಿ, ಚಕ್ಕುಲಿ ನಿಪ್ಪಟ್ಟು ಮಾಡಿ ಮಾರುವ ಕಾಂಡಿಮೆಂಟ್ಸ್ ಅಂಗಡಿ, ನಾಲ್ಕು ಹೊಲಿಗೆ ಯಂತ್ರಗಳ ಉಡುಪಿನ ಘಟಕ. ಕಾಮಾಕ್ಷಿಪಾಳ್ಯದ ಕಡೆಗೆ ಹೋದರೆ ಲೇತು, ಪ್ರೆಸ್ಸುಗಳ ಕಾರ್ಖಾನೆಗಳು. ಇವುಗಳನ್ನು ನಡೆಸುವವರಲ್ಲಿ ಮಾಗಡಿ, ಕುಣಿಗಲ್, ಹಾಸನದ ಕಡೆಯಿಂದ ಬಂದ ಬೇಸಾಯದ ಮನೆತನದವರು ಅನೇಕರಿದ್ದಾರೆ.

ನಮ್ಮ ರೈತ ಬಾಂಧವರೂ ಈಗ ಇದೇ ದಾರಿಯಲ್ಲಿದ್ದಾರೆ. ಬೆಳೆದ ರಾಗಿಯನ್ನು ಮೂಟೆಯಲ್ಲೇ ಮಾರುವ ಬದಲು ಹುರಿಹಿಟ್ಟು ಮಾಡಿ ಪೊಟ್ಟಣದಲ್ಲಿ ಮಾರಬೇಕು, ಹುಚ್ಚೆಳ್ಳು, ಕಡಲೆಕಾಯಿಯನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಯಬೇಕು, ಅಣಬೆ ಬೆಳೆಯಬೇಕು, ಸಸ್ಯಕ್ಷೇತ್ರ ಇಡಬೇಕು ಎಂದು ಮುಂದೆ ಬರುವವರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ. ಯಂತ್ರ ಎಲ್ಲಿ ಸಿಗುತ್ತದೆ, ಸಾಲ ಎಷ್ಟು ಸಿಗುತ್ತದೆ, ಪದಾರ್ಥ ಕೆಡದಂತೆ ಇಡುವುದು ಹೇಗೆ ಎಂಬುದನ್ನು ಅವರಿಗೆ ತಿಳಿಸಲು ತರಬೇತಿಗಳಿವೆ. ಆದರೆ ಘಟಕ ಶುರುವಾದ ಮೇಲೆ ಅದರೊಳಗಿನ ಜನರನ್ನು ನಡೆಸಿಕೊಂಡು ಹೋಗುವುದು ಹೇಗೆ ಎಂಬುದನ್ನು ಹೇಳಿಕೊಡುವವರು ಕಡಿಮೆ. ಯಂತ್ರ ಚೆನ್ನಾಗಿದ್ದು, ಗಿರಾಕಿಯೂ ಇದ್ದು, ಕೈಕೆಳಗಿನವರು ಒಬ್ಬೊಬ್ಬರಾಗಿ ಬಿಟ್ಟುಹೋದುದರಿಂದಲೇ ಬಾಗಿಲು ಹಾಕಿದ ಘಟಕಗಳನ್ನು ವಿಸ್ತರಣಾ ಕಾರ್ಯಕರ್ತರು ಬಲ್ಲರು. ಜಮೀನನ್ನು ಅಡವಿಟ್ಟು ಸಾಲ ತಂದ ರೈತನಿಗೆ ಇದು ಸಣ್ಣ ಪೆಟ್ಟಲ್ಲ.

ಹೊಲದ ಯಜಮಾನ, ಗಿರಣಿಯ ಯಜಮಾನ

ಬೇಸಾಯದಲ್ಲಿಯೂ ಯಜಮಾನಿಕೆ ಇದ್ದೇ ಇದೆ. ಆದರೆ ಅಲ್ಲಿ ಅರ್ಧ ಯಜಮಾನಿಕೆಯನ್ನು ಋತುವೇ ಮಾಡುತ್ತದೆ. ಮಳೆ ಬಿತ್ತೆಂದರೆ ಬಿತ್ತಬೇಕು, ತೆನೆ ಬಲಿಯಿತೆಂದರೆ ಕೊಯ್ಯಬೇಕು. ಇದನ್ನು ಆಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯ ಮುಯ್ಯಾಳು ಪದ್ಧತಿಯಲ್ಲಿ ಇಂದು ನಿಮ್ಮ ಹೊಲ, ನಾಳೆ ನಮ್ಮ ಹೊಲ ಎಂಬ ಒಪ್ಪಂದವಿತ್ತು. ಕೂಲಿಯ ಮಾತಿಲ್ಲದಿದ್ದರೂ ಯಾರ ಮನೆಯಿಂದ ಎಷ್ಟು ಆಳು ಬಂದರು ಎಂಬ ಲೆಕ್ಕ ಎಲ್ಲರ ತಲೆಯಲ್ಲಿಯೂ ಇರುತ್ತಿತ್ತು. ಸಾಲಿನ ಮುಂದೆ ನಿಂತು ಕುಡುಗೋಲು ಹಿಡಿದವನ ವೇಗವೇ ಸಾಲಿನ ವೇಗ. ಆತ ಯಾರನ್ನೂ ಗದರಿಸಬೇಕಾಗಿರಲಿಲ್ಲ.

ಗಿರಣಿಯಲ್ಲಿ ಹೀಗಿಲ್ಲ. ಅಲ್ಲಿ ಕೆಲಸಕ್ಕೆ ಋತುವಿಲ್ಲ, ಸುಗ್ಗಿಯಿಲ್ಲ. ಇಂದಿನ ಕೆಲಸವೇ ನಾಳೆಯ ಕೆಲಸ. ಕೆಲಸಕ್ಕೆ ಬರುವವನು ನೆರೆಹೊಲದವನಲ್ಲ. ಬೇರೆ ಜಿಲ್ಲೆಯಿಂದಲೋ ಬೇರೆ ರಾಜ್ಯದಿಂದಲೋ ಬಂದ ಹುಡುಗ. ಅವನಿಗೆ ಈ ಯಜಮಾನನೊಂದಿಗೆ ಇರುವ ನಂಟು ತಿಂಗಳ ಸಂಬಳ ಒಂದೇ. ಪಕ್ಕದ ಬೀದಿಯಲ್ಲಿ ಐನೂರು ರೂಪಾಯಿ ಹೆಚ್ಚು ಸಿಕ್ಕರೆ ಅವನು ಅಲ್ಲಿಗೆ ಹೋಗುವುದು ಸಹಜ. ಹೊಲದಲ್ಲಿ ಮಾಡಿದ ಯಜಮಾನಿಕೆಯನ್ನೇ ಇಲ್ಲಿಯೂ ಮಾಡಲು ಹೊರಟವರು ಸೋಲುವುದು ಈ ವ್ಯತ್ಯಾಸವನ್ನು ಗಮನಿಸದಿರುವುದರಿಂದ.

ಎಲ್ಲವನ್ನೂ ತಾನೇ ಮಾಡುವ ಯಜಮಾನ

ಮೂಡಲಪಾಳ್ಯದಂಥ ಬಡಾವಣೆಯ ಒಂದು ಹಿಟ್ಟಿನ ಗಿರಣಿಯನ್ನು ತೆಗೆದುಕೊಳ್ಳೋಣ. ಇದು ಯಾವುದೋ ಒಂದು ನಿರ್ದಿಷ್ಟ ಗಿರಣಿಯಲ್ಲ. ಇಂಥ ಗಿರಣಿಗಳ ಸಾಮಾನ್ಯ ಸ್ಥಿತಿ. ಯಜಮಾನರು ಬೆಳಿಗ್ಗೆ ಬಾಗಿಲು ತೆಗೆಯುತ್ತಾರೆ. ತೂಕ ಹಾಕುವವರು ಅವರೇ, ಹಣ ತೆಗೆದುಕೊಳ್ಳುವವರು ಅವರೇ. ಕಲ್ಲಿನ ಬಿಗಿ ಎಷ್ಟಿರಬೇಕು ಎಂಬುದು ಅವರ ಕೈಗೇ ಗೊತ್ತು. ಬಿಗಿ ಹೆಚ್ಚಾದರೆ ಹಿಟ್ಟು ಕಾದು ರುಚಿ ಕೆಡುತ್ತದೆ, ಕಡಿಮೆಯಾದರೆ ತರಿಯಾಗುತ್ತದೆ. ಗೋಧಿ ಬೀಸಿದ ಮೇಲೆ ರಾಗಿ ಹಾಕುವಾಗ ಮೊದಲ ಒಂದೆರಡು ಹಿಡಿ ಹಿಟ್ಟನ್ನು ಬೇರೆ ತೆಗೆಯಬೇಕು. ಕಲ್ಲು ಸವೆದಾಗ ಉಳಿ ಹಿಡಿದು ಗೆರೆ ಹೊಡೆಯಬೇಕು. ಇವೆಲ್ಲ ಇಪ್ಪತ್ತು ವರ್ಷ ಕಲಿತ ವಿದ್ಯೆ. ಗಿರಣಿಯಲ್ಲಿ ಇನ್ನೊಬ್ಬ ಹುಡುಗನಿದ್ದಾನೆ. ಅವನ ಕೆಲಸ ಡಬ್ಬ ಎತ್ತಿಕೊಡುವುದು, ಕಸ ಗುಡಿಸುವುದು. ಎರಡು ವರ್ಷವಾದರೂ ಅವನು ಕಲ್ಲಿನ ತಿರುಪನ್ನು ಮುಟ್ಟಿಲ್ಲ, ಏಕೆಂದರೆ ಮುಟ್ಟಲು ಬಿಟ್ಟಿಲ್ಲ.

ಊರಿನಲ್ಲಿ ಅಣ್ಣನ ಮಗಳ ಮದುವೆ. ಮೂರು ದಿನ ಗಿರಣಿ ಮುಚ್ಚಬೇಕು. ದಿನಕ್ಕೆ 200 ಕಿ.ಗ್ರಾಂ. ಧಾನ್ಯ, ಕಿಲೋಗೆ ಆರು ರೂಪಾಯಿ ಎಂದು ಲೆಕ್ಕ ಹಾಕಿದರೆ ಮೂರು ದಿನಕ್ಕೆ ರೂ. 3,600 ಹೋಯಿತು. ಇದು ದೊಡ್ಡ ನಷ್ಟವಲ್ಲ. ಡಬ್ಬ ಹಿಡಿದು ಬಂದು ಮುಚ್ಚಿದ ಬಾಗಿಲು ನೋಡಿದ ಮನೆಯವರು ಮುಂದಿನ ಬೀದಿಯ ಗಿರಣಿಗೆ ಹೋದರಲ್ಲ, ಅವರಲ್ಲಿ ಕೆಲವರು ಮತ್ತೆ ಈ ಕಡೆ ಬರುವುದಿಲ್ಲ. ಅದು ನಷ್ಟ. ಇನ್ನು ಯಜಮಾನರಿಗೇ ಒಂದು ತಿಂಗಳು ಕಾಯಿಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಕಲಿಸಿದರೆ ಹುಡುಗ ಬಿಟ್ಟುಹೋಗಿ ಎದುರಿಗೇ ಗಿರಣಿ ಹಾಕುತ್ತಾನೆ ಎಂಬ ಭಯ ಅನೇಕರಲ್ಲಿದೆ. ಭಯ ಸುಳ್ಳೆನ್ನಲಾಗದು; ಹಾಗೆ ಆಗಿರುವುದೂ ಉಂಟು. ಆದರೆ ಕಲಿಸದಿದ್ದರೂ ಹುಡುಗ ಬಿಟ್ಟೇ ಹೋಗುತ್ತಾನೆ. ಡಬ್ಬ ಎತ್ತುವ ಕೆಲಸದಲ್ಲಿ ಯಾವ ಹುಡುಗನೂ ಹತ್ತು ವರ್ಷ ನಿಲ್ಲುವುದಿಲ್ಲ.

ಈ ವಿಷಯದಲ್ಲಿ ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಚರಿತ್ರೆ ನೋಡತಕ್ಕದ್ದು. ಹಾಸನದ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ಆರಂಭಿಸಿದರು. ಮುಂದೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂಧುಬಳಗದ ಹುಡುಗರು ನಗರದ ಬೇಕರಿಗಳಿಗೆ ಬಂದು, ಒಲೆಯ ಮುಂದೆ ಕಲಿತು, ಕೆಲವು ವರ್ಷಗಳ ನಂತರ ಬೇರೊಂದು ಬಡಾವಣೆಯಲ್ಲಿ ತಮ್ಮದೇ ಅಂಗಡಿ ತೆರೆದರು. ಕಲಿತವನು ಹೊರಗೆ ಹೋಗುತ್ತಾನೆ ಎಂಬುದನ್ನು ಮೊದಲೇ ಒಪ್ಪಿಕೊಂಡ ಪದ್ಧತಿ ಇದು. ಹೋಗುವವನು ತನ್ನ ಜಾಗಕ್ಕೆ ಇನ್ನೊಬ್ಬ ಹುಡುಗನನ್ನು ಊರಿನಿಂದ ಕರೆತರುವುದೂ ಉಂಟು. ಇಂದು ನಗರದ ಯಾವ ಬಡಾವಣೆಗೆ ಹೋದರೂ ಈ ಹೆಸರಿನ ಬೇಕರಿ ಇದೆ. ಮೂಡಲಪಾಳ್ಯದ ಸುತ್ತಲೂ ಇದೆ. ಅವೆಲ್ಲ ಒಂದೇ ಕಂಪನಿಯ ಶಾಖೆಗಳೆಂದು ತಿಳಿದವರಿದ್ದಾರೆ. ಹಾಗಲ್ಲ. ಪ್ರತಿಯೊಂದಕ್ಕೂ ಬೇರೆ ಯಜಮಾನ. ವಿದ್ಯೆಯನ್ನು ಬಿಗಿಹಿಡಿದಿದ್ದರೆ ಚಿಕ್ಕಪೇಟೆಯಲ್ಲಿ ಒಂದು ಅಂಗಡಿ ಉಳಿಯುತ್ತಿತ್ತೇ ಹೊರತು ಬೆಂಗಳೂರಿನ ತುಂಬ ಈ ಹೆಸರು ಹರಡುತ್ತಿರಲಿಲ್ಲ.

ಕಲಿಸುವ ಕ್ರಮ

ಕಲಿಸುವುದಕ್ಕೂ ಒಂದು ಕ್ರಮವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಅನುಭವಿ ಕೆಲಸಗಾರರು ಸೈನ್ಯಕ್ಕೆ ಸೇರಿದಾಗ ಅವರ ಜಾಗಕ್ಕೆ ಹೊಸಬರನ್ನು ಬೇಗ ತಯಾರು ಮಾಡಬೇಕಾಯಿತು. ಆಗ ಮೇಸ್ತ್ರಿಗಳಿಗಾಗಿ ಟಿ.ಡಬ್ಲ್ಯೂ.ಐ. ಎಂಬ ಹೆಸರಿನ ತರಬೇತಿ 1940ರಿಂದ 1945ರವರೆಗೆ ನಡೆಯಿತು. ಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ಇದನ್ನು ಬಹಳ ಶ್ರದ್ಧೆಯಿಂದ ಹಿಡಿದುಕೊಂಡವು. ಇದರ ಸಾರ ಸರಳವಾಗಿದೆ. ಮೊದಲು ಕಲಿಯುವವನ ಅಂಜಿಕೆ ಬಿಡಿಸಿ, ಅವನಿಗೆ ಈಗಾಗಲೇ ಎಷ್ಟು ಗೊತ್ತಿದೆ ಎಂದು ತಿಳಿದುಕೊಳ್ಳುವುದು. ಅನಂತರ ಕೆಲಸವನ್ನು ಒಂದೊಂದೇ ಹಂತವಾಗಿ ಮಾಡಿ ತೋರಿಸಿ, ಪ್ರತಿ ಹಂತದಲ್ಲಿಯೂ ಹೀಗೇಕೆ ಎಂಬುದನ್ನು ಹೇಳುವುದು. ಮೂರನೆಯದಾಗಿ ಅವನ ಕೈಯಲ್ಲೇ ಮಾಡಿಸಿ, ಮಾಡುತ್ತಾ ಮಾಡುತ್ತಾ ಅವನ ಬಾಯಿಂದಲೇ ಕಾರಣ ಹೇಳಿಸುವುದು. ಕೊನೆಗೆ ಅವನೊಬ್ಬನೇ ಮಾಡಲು ಬಿಟ್ಟು, ಮೊದಲು ಪದೇ ಪದೇ, ಆಮೇಲೆ ಅಪರೂಪಕ್ಕೊಮ್ಮೆ ಬಂದು ನೋಡುವುದು. ಕಲಿಯುವವನಿಗೆ ಬರಲಿಲ್ಲವೆಂದರೆ ಕಲಿಸಿದವನು ಸರಿಯಾಗಿ ಕಲಿಸಲಿಲ್ಲ ಎಂದೇ ಆ ತರಬೇತಿಯಲ್ಲಿ ತಿಳಿಯಲಾಗುತ್ತಿತ್ತು.

ವಿಸ್ತರಣಾ ಕಾರ್ಯಕರ್ತರಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ಬೀಜೋಪಚಾರವನ್ನೋ ಕಸಿ ಕಟ್ಟುವುದನ್ನೋ ರೈತರಿಗೆ ಮಾಡಿ ತೋರಿಸುವ ವಿಧಾನ ಪ್ರಾತ್ಯಕ್ಷಿಕೆಯೂ ಇದೇ ಕ್ರಮದ್ದು. ವಿಚಿತ್ರವೆಂದರೆ, ಹೊಲದಲ್ಲಿ ಈ ಕ್ರಮದಿಂದ ಕಲಿತ ರೈತನೇ ತನ್ನ ಘಟಕದ ಹುಡುಗನಿಗೆ ಕಲಿಸುವಾಗ ‘ನಾನು ಮಾಡೋದು ನೋಡ್ತಾ ಇರು, ತಾನೇ ಬರುತ್ತೆ’ ಎನ್ನುತ್ತಾನೆ. ನೋಡುತ್ತಾ ಇದ್ದರೆ ಈಜು ಬರುವುದಿಲ್ಲ, ಗಿರಣಿಯ ಕಲ್ಲಿನ ಬಿಗಿಯೂ ಬರುವುದಿಲ್ಲ.

ಗಿರಣಿಯಂಥ ಕಡೆ ಹೀಗೆ ಮಾಡಬಹುದು. ಮೊದಲ ತಿಂಗಳು ತೂಕ ಮತ್ತು ಹಣದ ಕೆಲಸವನ್ನು ಹುಡುಗನಿಗೆ ವಹಿಸುವುದು. ಎರಡನೆಯ ತಿಂಗಳು ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಮನೆಗೆ ಬೇಕಾದ ರಾಗಿಯನ್ನೇ ಹಾಕಿ ಕಲ್ಲಿನ ತಿರುಪನ್ನು ಅವನ ಕೈಗೆ ಕೊಡುವುದು. ಹಿಟ್ಟು ಕೆಟ್ಟರೆ ಮನೆಯ ಹಿಟ್ಟು ಕೆಡುತ್ತದೆ, ಗಿರಾಕಿಯದಲ್ಲ. ಮೂರನೆಯ ತಿಂಗಳು ವಾರಕ್ಕೊಂದು ಹೊತ್ತು ಯಜಮಾನರು ಬೇಕೆಂದೇ ಗಿರಣಿಗೆ ಬರದಿರುವುದು. ಇದು ಎಲ್ಲಕ್ಕಿಂತ ಕಷ್ಟದ ಹಂತ, ಹುಡುಗನಿಗಲ್ಲ, ಯಜಮಾನರಿಗೆ.

ತಾನು ಮುರಿದ ನಿಯಮ

ಗಿರಣಿ, ಗಾಣ, ಹಿಟ್ಟು ಕಲಸುವ ಯಂತ್ರ ಇರುವ ಕಡೆಯಲ್ಲೆಲ್ಲ ಬೆಲ್ಟಿಗೆ ತಂತಿಬಲೆಯ ಮರೆ ಇರಬೇಕು. ಸೀರೆಯ ಸೆರಗು, ಪಂಚೆಯ ಅಂಚು, ಬಿಚ್ಚಿದ ಕೂದಲು, ತೋಳಿನ ಉದ್ದ ಬೆಲ್ಟಿಗೆ ಸಿಕ್ಕಿದರೆ ಎಳೆದುಕೊಳ್ಳಲು ಅರೆಗಳಿಗೆ ಸಾಕು. ಒಕ್ಕಣೆ ಯಂತ್ರಗಳಿಂದ ಕೈ ಕಳೆದುಕೊಂಡವರನ್ನು ಕಂಡಿರುವ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಬೆಲ್ಟು ಜಾರಿದಾಗ ಯಂತ್ರ ನಿಲ್ಲಿಸದೆ ಕೋಲಿನಿಂದ ತಳ್ಳಿ ಕೂರಿಸುವ ಯಜಮಾನರಿದ್ದಾರೆ. ತಮಗೆ ಅಭ್ಯಾಸವಿದೆ ಎಂಬ ಧೈರ್ಯ. ಯಂತ್ರ ನಿಲ್ಲಿಸಿಯೇ ಬೆಲ್ಟು ಮುಟ್ಟಬೇಕು ಎಂದು ಗೋಡೆಯ ಮೇಲೆ ಎಷ್ಟು ದೊಡ್ಡದಾಗಿ ಬರೆಸಿದರೂ ಆ ಹುಡುಗ ಕಲಿಯುವುದು ಗೋಡೆಯಿಂದಲ್ಲ, ಯಜಮಾನರ ಕೈಯಿಂದ. ಮುಯ್ಯಾಳಿನ ಸಾಲಿನಲ್ಲಿ ಮುಂದೆ ನಿಂತವನ ಕುಡುಗೋಲಿನಂತೆಯೇ ಇದು.

ಕೈ ತೊಳೆದು ಒಳಗೆ ಬರುವುದು, ತಲೆಗೆ ಬಟ್ಟೆ ಕಟ್ಟುವುದು, ಬೀಡಿ ಹೊರಗೆ ಸೇದುವುದು, ಎಲ್ಲವೂ ಹೀಗೆಯೇ. ಆಹಾರ ಪದಾರ್ಥ ತಯಾರಿಸುವ ಘಟಕಗಳು 2006ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ ನೋಂದಣಿ ಅಥವಾ ಪರವಾನಗಿ ಪಡೆಯಬೇಕಾಗುತ್ತದೆ. ಆ ಕಾಗದ ಗೋಡೆಯ ಮೇಲೆ ತೂಗುತ್ತಿದ್ದು ಯಜಮಾನರೇ ಎಲೆ ಅಡಿಕೆ ಜಗಿಯುತ್ತಾ ಹಿಟ್ಟು ಕಲಸಿದರೆ ಶುಚಿತ್ವದ ಮಾತು ಯಾರ ಕಿವಿಗೂ ಹೋಗುವುದಿಲ್ಲ.

ಮಾವಳ್ಳಿಯ ಉದಾಹರಣೆ

ಬೆಂಗಳೂರಿನಲ್ಲಿಯೇ ನಡೆದ ಒಂದು ಉದಾಹರಣೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬಹುದು. ಇಂದಿನ ಉಡುಪಿ ಜಿಲ್ಲೆಯ ಪಾರಂಪಳ್ಳಿಯಿಂದ ಅಡಿಗೆಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಸಮೀಪ ಒಂದು ಸಣ್ಣ ಉಪಾಹಾರ ಮಂದಿರವನ್ನು ತೆರೆದರು. ಅದೇ ಮುಂದೆ 1960ರಲ್ಲಿ ಈಗಿನ ಜಾಗಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಆಯಿತು. ಇಂದು ಅದು ದೊಡ್ಡ ಹೆಸರು. ಆದರೆ ಅದರ ಮೊದಲ ಐವತ್ತು ವರ್ಷಗಳು ಒಂದು ಕುಟುಂಬದ ಸಣ್ಣ ಉದ್ದಿಮೆಯ ವರ್ಷಗಳೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತು ಎಲ್ಲೆಡೆ ಅಕ್ಕಿಯ ಅಭಾವ ಉಂಟಾಯಿತು. ಇಡ್ಲಿಗೆ ಅಕ್ಕಿ ಬೇಕೇ ಬೇಕು. ಅಕ್ಕಿಯಿಲ್ಲವೆಂದು ಇಡ್ಲಿಯ ಒಲೆ ಆರಿಸುವ ಬದಲು ಅಲ್ಲಿ ಗೋಧಿಯ ರವೆಯಿಂದ ಇಡ್ಲಿ ಮಾಡಿ ನೋಡಿದರು. ಇಂದು ಮನೆಮನೆಯಲ್ಲಿಯೂ ಮಾಡುವ ರವೆ ಇಡ್ಲಿ ಹೀಗೆ ಪ್ರಚಾರಕ್ಕೆ ಬಂದಿತು. ಇಲ್ಲಿ ಗಮನಿಸಬೇಕಾದದ್ದು ಯುಕ್ತಿಯೊಂದನ್ನೇ ಅಲ್ಲ. ಹಿಟ್ಟು ಹಾಳಾದರೂ ಚಿಂತೆಯಿಲ್ಲ, ಮಾಡಿ ನೋಡೋಣ ಎಂದು ಹೇಳುವ ಯಜಮಾನ ಅಡಿಗೆಮನೆಯಲ್ಲಿ ಇದ್ದರೆ ಮಾತ್ರ ಇಂಥ ಪ್ರಯೋಗಗಳು ನಡೆಯುತ್ತವೆ. ‘ಹೇಳಿದಷ್ಟು ಮಾಡು’ ಎಂಬ ಕಡೆ ಅಕ್ಕಿ ಮುಗಿದ ದಿನ ಅಡಿಗೆಯವನು ಕೈಕಟ್ಟಿ ಕೂರುತ್ತಾನೆ.

ಮಯ್ಯ ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ರೀತಿಯನ್ನು ನೋಡಿಬಂದರು. ಅಲ್ಲಿನ ಶುಚಿತ್ವವೂ ಶಿಸ್ತೂ ಅವರ ಮನಸ್ಸಿಗೆ ಹಿಡಿಸಿದವು. ಹಿಂದಿರುಗಿದ ಮೇಲೆ ಪಾತ್ರೆ, ಲೋಟಗಳನ್ನು ಕುದಿಯುವ ಶಾಖದಲ್ಲಿ ಶುದ್ಧಮಾಡುವ ವ್ಯವಸ್ಥೆ ಬಂದಿತು. ಗ್ರಾಹಕರು ಅಡಿಗೆಮನೆಯನ್ನು ಹಾದು ಒಳಗೆ ಹೋಗುವ ಪದ್ಧತಿ ಈ ಹೋಟೆಲಿನ ಗುರುತಾಯಿತು. ಬಂದವರೆಲ್ಲ ತಾವು ತಿನ್ನುವುದನ್ನು ಯಾರು, ಎಲ್ಲಿ, ಹೇಗೆ ಮಾಡುತ್ತಾರೆ ಎಂದು ನೋಡಬಹುದು. ಶುಚಿಯಾಗಿಡಿ ಎಂದು ಅಡಿಗೆಯವರಿಗೆ ದಿನಕ್ಕೆ ಹತ್ತು ಸಲ ಹೇಳುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಹೇಳಿಸಿಕೊಳ್ಳುವ ಬೇಸರವೂ ಇಲ್ಲ.

ಮೂರನೆಯ ಘಟನೆ 1975ರಲ್ಲಿ ಘೋಷಣೆಯಾದ ತುರ್ತುಪರಿಸ್ಥಿತಿಯ ಕಾಲದ್ದು. ಆಗ ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ಇಳಿಸಿ ನಿಗದಿಮಾಡಿತು. ಆ ಬೆಲೆಗೆ ಹಿಂದಿನ ಗುಣಮಟ್ಟದ ತಿಂಡಿ ಕೊಟ್ಟರೆ ನಷ್ಟ. ಗುಣಮಟ್ಟ ಇಳಿಸಿದರೆ ಹೆಸರು ಹೋಗುತ್ತದೆ. ಇಂಥ ಇಕ್ಕಟ್ಟಿನಲ್ಲಿ ಸುಲಭವಾದ ದಾರಿ ತುಪ್ಪದ ಜಾಗಕ್ಕೆ ಬೇರೇನನ್ನೋ ಹಾಕುವುದು, ಇಲ್ಲವೆ ಅರ್ಧ ಜನರನ್ನು ಮನೆಗೆ ಕಳಿಸುವುದು. ಮಯ್ಯರ ಮನೆತನ ಗುಣಮಟ್ಟ ಇಳಿಸಲಿಲ್ಲ, ಹೋಟೆಲನ್ನೇ ಮುಚ್ಚಬೇಕಾಯಿತು. ಆದರೆ ಇದ್ದ ಕೆಲಸಗಾರರಿಗೆ ಕೆಲಸ ಬೇಕಲ್ಲ. ರವೆ ಇಡ್ಲಿಯ ಮಿಶ್ರಣ, ಚಟ್ನಿಪುಡಿ, ಸಾಂಬಾರುಪುಡಿಗಳನ್ನು ಅದೇ ಕೈಗಳಿಂದ ಮಾಡಿಸಿ ಪೊಟ್ಟಣ ಕಟ್ಟಿ ಮಾರತೊಡಗಿದರು. ಮುಂದೆ ದೇಶವಿದೇಶಗಳಿಗೆ ಹೋದ ಎಂ.ಟಿ.ಆರ್. ಆಹಾರ ಪದಾರ್ಥಗಳ ಉದ್ದಿಮೆ ಬೆಳೆದದ್ದು ಈ ಪೊಟ್ಟಣಗಳಿಂದಲೇ. ಆ ಭಾಗವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಹೋಟೆಲು ಕುಟುಂಬದಲ್ಲಿಯೇ ಉಳಿಯಿತು.

ಎಲ್ಲರಿಗೂ ಹೀಗೆ ಆಗುತ್ತದೆ ಎಂದು ಹೇಳಲಾಗದು. ಅದೇ ಕಷ್ಟದಲ್ಲಿ ಮುಚ್ಚಿಹೋದ ಹೋಟೆಲುಗಳ ಹೆಸರು ಯಾರಿಗೂ ನೆನಪಿಲ್ಲ. ಆದರೆ ಪಳಗಿದ ಕೆಲಸಗಾರರೇ ತನ್ನ ಬಂಡವಾಳ ಎಂದು ತಿಳಿದ ಯಜಮಾನನಿಗೆ ಹೋಟೆಲು ಮುಚ್ಚಿದ ದಿನವೂ ಕೈಯಲ್ಲಿ ಬಂಡವಾಳವಿರುತ್ತದೆ. ಕಲ್ಲು, ಬೆಲ್ಟು, ಮೋಟಾರನ್ನೇ ಬಂಡವಾಳವೆಂದು ತಿಳಿದವನಿಗೆ ಅವು ಗುಜರಿಯ ಬೆಲೆಯವು.

ಗಲ್ಲಾಪೆಟ್ಟಿಗೆ ಮತ್ತು ಮನೆ

ಹಣದ ವಿಷಯದಲ್ಲಿ ಯಜಮಾನಿಕೆ ಬಹಳ ಕಡೆ ಎಡವುತ್ತದೆ. ಮನೆಯ ಹಾಲು, ತರಕಾರಿ, ಮಗಳ ಶಾಲೆಯ ಶುಲ್ಕ ಎಲ್ಲವೂ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತಿದ್ದರೆ ಘಟಕ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಬ್ರಹ್ಮನಿಗೂ ತಿಳಿಯದು. ಲೆಕ್ಕದ ಅನುಕೂಲಕ್ಕಾಗಿ ಹುರಿಹಿಟ್ಟಿನ ಒಂದು ಘಟಕವನ್ನು ತೆಗೆದುಕೊಳ್ಳೋಣ. ತಿಂಗಳ ಮಾರಾಟ ರೂ. 2,00,000. ರಾಗಿ ಮತ್ತು ಇತರ ಧಾನ್ಯಕ್ಕೆ ರೂ. 95,000, ಮೂವರು ಕೆಲಸಗಾರರ ಸಂಬಳ ರೂ. 48,000, ಬಾಡಿಗೆ, ವಿದ್ಯುತ್ತು, ಪೊಟ್ಟಣ, ಸಾಗಾಣಿಕೆಗೆ ರೂ. 32,000. ಉಳಿದದ್ದು ರೂ. 25,000. ಅದರಲ್ಲಿ ಬ್ಯಾಂಕಿನ ಕಂತು ರೂ. 9,000 ಕಳೆದರೆ ಕೈಗೆ ರೂ. 16,000. ಪರವಾಗಿಲ್ಲ, ನಡೆಯುತ್ತಿದೆ ಎಂದು ಯಜಮಾನರು ತೃಪ್ತಿಪಡುತ್ತಾರೆ.

ಆದರೆ ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಅಲ್ಲಿ ದುಡಿಯುವವರು ಐದು ಜನ. ಯಜಮಾನರು, ಅವರ ಹೆಂಡತಿ, ಮೂವರು ಕೆಲಸಗಾರರು. ಗಂಡ ಹೆಂಡಿರು ಇಬ್ಬರೂ ಬೇರೆ ಕಡೆ ದುಡಿದು ತಲಾ ರೂ. 15,000 ತರಬಲ್ಲರೆಂದರೆ ರೂ. 30,000 ಆಯಿತು. ಅದನ್ನೂ ಖರ್ಚಿಗೆ ಹಾಕಿದರೆ ಘಟಕ ತಿಂಗಳಿಗೆ ರೂ. 14,000 ನಷ್ಟದಲ್ಲಿದೆ. ಇಷ್ಟು ದಿನ ಆ ನಷ್ಟವನ್ನು ತುಂಬಿಕೊಟ್ಟದ್ದು ಮುಖ್ಯವಾಗಿ ಮನೆಯಾಕೆಯ ಲೆಕ್ಕವಿಲ್ಲದ ದುಡಿಮೆ. ಹುರಿಯುವ ಹದ ಆಕೆಗೇ ಗೊತ್ತು, ಗಿರಾಕಿಗಳ ಹೆಸರು ಆಕೆಗೇ ಗೊತ್ತು; ಆದರೆ ಅಂಗಡಿಯ ಹಲಗೆಯ ಮೇಲೆ, ಬ್ಯಾಂಕಿನ ಕಾಗದದ ಮೇಲೆ ಆಕೆಯ ಹೆಸರಿಲ್ಲ. ಯಾವ ಕೆಲಸಗಾರನನ್ನು ಹಾಗೆ ನಡೆಸಿಕೊಂಡರೂ ಅವನು ಒಂದು ತಿಂಗಳೂ ನಿಲ್ಲುವುದಿಲ್ಲ. ಆದುದರಿಂದ ಯಜಮಾನರು ತಮಗೂ ಹೆಂಡತಿಗೂ ಇಷ್ಟು ಎಂದು ಸಂಬಳ ಗೊತ್ತುಮಾಡಿಕೊಂಡು, ಅದನ್ನು ತಿಂಗಳಿಗೊಮ್ಮೆ ಬರೆದು ತೆಗೆದುಕೊಳ್ಳುವುದು, ಮನೆಯ ಖರ್ಚನ್ನು ಅದರಲ್ಲಿಯೇ ಸಾಗಿಸುವುದು ಉತ್ತಮ. ಆಗ ಮಾತ್ರ ಹಿಟ್ಟಿನ ಬೆಲೆಯನ್ನು ಏರಿಸಬೇಕೆ, ಖರ್ಚು ಇಳಿಸಬೇಕೆ, ಮಾರಾಟ ಹೆಚ್ಚಿಸಬೇಕೆ ಎಂಬುದು ಕಾಣುತ್ತದೆ.

ಬಟವಾಡೆಯ ದಿನ ತಪ್ಪಬಾರದು. ಏಳನೆಯ ತಾರೀಕು ಎಂದರೆ ಏಳನೆಯ ತಾರೀಕು. ಸಂಬಳ ಸ್ವಲ್ಪ ಕಡಿಮೆಯಿದ್ದರೂ ಹೇಳಿದ ದಿನ ಕೈಗೆ ಬರುವ ಕಡೆ ಜನ ನಿಲ್ಲುತ್ತಾರೆ. ಮುಂಗಡ ಕೊಟ್ಟಾಗ ಕೊಟ್ಟ ದಿನವೇ ಪುಸ್ತಕದಲ್ಲಿ ಬರೆದು, ಕೆಲಸಗಾರನ ಎದುರಿಗೇ ಓದಿ ಹೇಳುವುದು ಅವಶ್ಯ. ಮುಂಗಡದ ಜಗಳಗಳಲ್ಲಿ ಬಹುಪಾಲು ಮೋಸದಿಂದ ಹುಟ್ಟುವುದಿಲ್ಲ, ಮರೆವಿನಿಂದ ಹುಟ್ಟುತ್ತವೆ.

ಇದಕ್ಕೆ ಮುಂಬಯಿಯ ಲಿಜ್ಜತ್ ಪಾಪಡ್ ಸಂಸ್ಥೆಯ ಪದ್ಧತಿ ಒಳ್ಳೆಯ ನಿದರ್ಶನ. 1959ರ ಮಾರ್ಚಿಯಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ಮನೆಯ ಮಾಳಿಗೆಯ ಮೇಲೆ ಹಪ್ಪಳ ಒತ್ತಲು ಕುಳಿತರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ನಷ್ಟವಾದರೂ ದಾನ ಕೇಳಬಾರದು ಎಂದು ಆರಂಭದಲ್ಲಿಯೇ ನಿರ್ಧರಿಸಿದರು. ಲಾಭ ಬಂದರೂ ನಷ್ಟ ಬಂದರೂ ಎಲ್ಲ ಸೋದರಿಯರದು. ಹಿಟ್ಟು ತೆಗೆದುಕೊಂಡು ಹೋಗಿ ಮನೆಯಲ್ಲಿ ಒತ್ತಿದ ಹಪ್ಪಳವನ್ನು ತಂದುಕೊಟ್ಟಾಗ ತೂಕ ನೋಡಿ ಕೂಲಿ ಕೊಡುವ ಪದ್ಧತಿ ಅಲ್ಲಿ ಬೆಳೆಯಿತು. ತನ್ನ ದುಡಿಮೆಗೆ ಎಷ್ಟು ಬಂತು, ಏಕೆ ಬಂತು ಎಂಬುದು ಓದುಬರಹ ಬಾರದ ಹೆಂಗಸಿಗೂ ತಿಳಿಯುತ್ತಿತ್ತು.

ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘಗಳಲ್ಲಿಯೂ ಇದನ್ನೇ ಕಾಣಬಹುದು. ಹಾಲಿನ ಅಳತೆ ಎಲ್ಲರ ಎದುರಿಗೆ, ಕೊಬ್ಬಿನ ಪರೀಕ್ಷೆ ಎಲ್ಲರ ಎದುರಿಗೆ. ಎಲ್ಲಿ ಕಾರ್ಯದರ್ಶಿ ಇದನ್ನು ಬಾಗಿಲ ಹಿಂದೆ ಮಾಡುತ್ತಾನೋ ಅಲ್ಲಿ, ಅವನು ಪ್ರಾಮಾಣಿಕನಾಗಿದ್ದರೂ ಸಹ, ಗುಸುಗುಸು ಏಳುತ್ತದೆ.

ಹೊಗಳಿಕೆ, ಬೈಗುಳ, ಮುನ್ಸೂಚನೆ

ಹೊಗಳುವುದನ್ನು ನಾಲ್ಕು ಜನರ ಎದುರಿಗೆ, ಬೈಯುವುದನ್ನು ಒಬ್ಬನೇ ಇರುವಾಗ ಮಾಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗಾಗಿದೆ. ಗಿರಾಕಿಯ ಎದುರಿಗೆ ಹುಡುಗನನ್ನು ಬೈದರೆ ಗಿರಾಕಿಗೆ ಸಮಾಧಾನವಾಗುತ್ತದೆ ಎಂಬ ನಂಬಿಕೆ ಇದೆ. ಗಿರಾಕಿಗೂ ಮುಜುಗರ, ಹುಡುಗನಿಗೂ ಅವಮಾನ. ‘ನಮ್ಮಿಂದ ತಪ್ಪಾಯ್ತಮ್ಮ, ಬೇರೆ ಹಿಟ್ಟು ಕೊಡ್ತೀವಿ’ ಎಂದು ಯಜಮಾನರೇ ಹೇಳಿ, ಸಂಜೆ ಬಾಗಿಲು ಹಾಕುವಾಗ ಹುಡುಗನನ್ನು ಕೂರಿಸಿ ವಿಚಾರಿಸಬಹುದು. ವಿಚಾರಿಸುವಾಗಲೂ ಯಾರು ಮಾಡಿದರು ಎಂಬುದಕ್ಕೆ ಮೊದಲು ಹೇಗಾಯಿತು ಎಂದು ಕೇಳುವುದು ಒಳ್ಳೆಯದು. ಗೋಧಿ, ರಾಗಿಯ ಡಬ್ಬಗಳು ಒಂದೇ ಬಣ್ಣದವಾಗಿದ್ದುದರಿಂದ ಬೆರಕೆಯಾಯಿತೆಂದು ತಿಳಿದರೆ ಡಬ್ಬಕ್ಕೆ ಬಣ್ಣ ಹಚ್ಚಿದರೆ ಮುಗಿಯಿತು.

ಹಿಂದೆ ಹೇಳಿದ ಅಮೆರಿಕದ ತರಬೇತಿಯಲ್ಲಿ ಇನ್ನೊಂದು ಅಂಶವಿತ್ತು. ಕೆಲಸಗಾರರಿಗೆ ಸಂಬಂಧಿಸಿದ ಬದಲಾವಣೆಯನ್ನು ಅವರಿಗೆ ಮುಂಚಿತವಾಗಿ ತಿಳಿಸಬೇಕು ಎಂಬುದು. ಸಣ್ಣ ಘಟಕಗಳಲ್ಲಿ ಇದು ತೀರ ಅಪರೂಪ. ಹೊಸ ಯಂತ್ರ ಬರುವ ಸುದ್ದಿ ಯಂತ್ರದ ಲಾರಿ ಬಾಗಿಲಿಗೆ ಬಂದಾಗ ತಿಳಿದರೆ, ಇಷ್ಟು ದಿನ ಕೈಯಿಂದ ಆ ಕೆಲಸ ಮಾಡುತ್ತಿದ್ದಾಕೆ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಒಂದು ತಿಂಗಳು ಮೊದಲೇ ಹೇಳಿ, ಯಂತ್ರ ಬಂದ ಮೇಲೆ ಆಕೆಯ ಕೆಲಸ ಏನು ಎಂಬುದನ್ನೂ ಹೇಳಿದರೆ ಯಂತ್ರವನ್ನು ಮೊದಲು ಕಲಿಯುವವಳು ಆಕೆಯೇ ಆಗಬಹುದು.

ಕೆಟ್ಟ ಸುದ್ದಿಗೂ ಇದೇ ಮಾತು. 2020ರ ಮಾರ್ಚಿಯಲ್ಲಿ ಕೊರೋನಾದ ಕಾರಣ ದೇಶವೆಲ್ಲ ಬಾಗಿಲು ಹಾಕಿದಾಗ ಬೆಂಗಳೂರಿನ ಸಣ್ಣ ಘಟಕಗಳ ಕೆಲಸಗಾರರು ಸಾವಿರಾರು ಜನ ಊರು ಸೇರಿದರು. ಮುಂದೆ ಬಾಗಿಲು ತೆರೆದಾಗ ಯಜಮಾನರಿಗೆ ಜನ ಸಿಗುವುದು ಕಷ್ಟವಾಯಿತು. ಇಂಥ ಹೊತ್ತಿನಲ್ಲಿ ಪೂರ್ತಿ ಸಂಬಳ ಕೊಡಲಾಗದ ಯಜಮಾನನೂ ಒಂದು ಕೆಲಸ ಮಾಡಬಹುದು. ಕೈಯಲ್ಲಿ ಎಷ್ಟಿದೆ, ಎಷ್ಟು ದಿನ ನಡೆಯುತ್ತದೆ, ಯಾವಾಗ ಮತ್ತೆ ಕರೆಯಬಲ್ಲೆ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ, ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುವುದು. ಅದಕ್ಕೆ ಖರ್ಚಿಲ್ಲ.

ಅಣ್ಣತಮ್ಮಂದಿರ ಘಟಕಗಳು

ಒಟ್ಟು ಕುಟುಂಬದ ಘಟಕಗಳಲ್ಲಿ ಯಾರ ಮಾತು ಕೊನೆಯ ಮಾತು ಎಂಬುದು ಕೆಲಸಗಾರರಿಗೆ ತಿಳಿದಿರಬೇಕು. ಅಣ್ಣ ಒಂದು ಹೇಳಿ ತಮ್ಮ ಇನ್ನೊಂದು ಹೇಳಿದರೆ ಕೆಲಸಗಾರ ತನಗೆ ಅನುಕೂಲವಾದದ್ದನ್ನು ಕೇಳುತ್ತಾನೆ, ಅವನನ್ನು ದೂರುವಂತಿಲ್ಲ. ಖರೀದಿ ಅಣ್ಣನದು, ತಯಾರಿಕೆ ಅತ್ತಿಗೆಯದು, ಮಾರಾಟ ತಮ್ಮನದು ಎಂದು ಹಂಚಿಕೊಂಡು, ಒಬ್ಬರ ಕೆಲಸದಲ್ಲಿ ಮತ್ತೊಬ್ಬರು ಕೆಲಸಗಾರರ ಎದುರಿಗೆ ಮಾತನಾಡದಿರುವುದು ಲೇಸು. ಓದಿ ಬಂದ ಮಗನಿಗೂ ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಬೇಕು. ಗಲ್ಲಾದ ಬೀಗದ ಕೈ ಮಾತ್ರ ತನ್ನ ಸೊಂಟದಲ್ಲಿಟ್ಟುಕೊಂಡು ಜವಾಬ್ದಾರಿ ಕಲಿಯುತ್ತಿಲ್ಲ ಎಂದು ಮಗನನ್ನು ಬೈಯುವ ತಂದೆಯರಿಗೆ ಹಳ್ಳಿಯಲ್ಲಿಯೂ ಕೊರತೆಯಿಲ್ಲ, ಪಟ್ಟಣದಲ್ಲಿಯೂ ಇಲ್ಲ.

ಎಲ್ಲಿ ಕಲಿಯಬಹುದು

ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ತರಬೇತಿಗಳಲ್ಲಿ ಕಸುಬಿನ ಜೊತೆಗೆ ಲೆಕ್ಕ ಇಡುವುದು, ಗಿರಾಕಿಗಳೊಂದಿಗೆ ಮಾತನಾಡುವುದು, ಸಮಯ ಪಾಲಿಸುವುದು ಮುಂತಾದವನ್ನೂ ಕಲಿಸಲಾಗುತ್ತದೆ. ತರಬೇತಿ ಮುಗಿದ ಮೇಲೆಯೂ ಸಂಸ್ಥೆಯವರು ಅಭ್ಯರ್ಥಿಗಳ ಸಂಪರ್ಕ ಇಟ್ಟುಕೊಳ್ಳುತ್ತಾರೆ. ಇದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಜಿಲ್ಲೆಗಳಲ್ಲಿ ಇವೆ. ಬೇಕರಿ ಮತ್ತು ಸಿರಿಧಾನ್ಯಗಳ ಪದಾರ್ಥಗಳ ತಯಾರಿಕೆಯನ್ನು ಕಲಿಯುವವರು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳದ ಬೇಕರಿ ತರಬೇತಿ ಘಟಕವನ್ನು, ಆಹಾರ ಸಂಸ್ಕರಣೆಯ ಯಂತ್ರ ಮತ್ತು ವಿಧಾನಗಳ ಬಗ್ಗೆ ತಿಳಿಯಬೇಕಾದವರು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ವಿಚಾರಿಸಬಹುದು. ತರಬೇತಿಗೆ ಹೋಗುವಾಗ ಯಜಮಾನರು ಒಬ್ಬರೇ ಹೋಗದೆ, ಘಟಕದಲ್ಲಿ ನಿಜವಾಗಿ ಆ ಕೆಲಸ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಅಪೇಕ್ಷಣೀಯ.